ಅಗೆಯಲೊಂದು ಜಾಗ

ಮೈಸೂರಿನಿಂದ ದೋಹಾಕ್ಕೆ ಬರುವಾಗ ನನ್ನ ಹೆಂಡತಿ ಸುಮಿತ್ರಾ ಸೂಟ್‌ಕೇಸಿನ ತಳದಲ್ಲಿಟ್ಟು, ಸುತ್ತಲೂ ಸೀರೆ ತುರುಕಿ, ಅಂಚು ನೆಗ್ಗದಂತೆ ಜೋಪಾನವಾಗಿ ತಂದಿದ್ದ ಹಿಟ್ಟಿನ ಜರಡಿಯೊಂದು ನಮ್ಮ ಮನೆಯಲ್ಲಿತ್ತು. ಅದನ್ನು ನಾನು ಒಂದು ಶುಕ್ರವಾರ ಬೆಳಿಗ್ಗೆ ಅವಳಿಗೆ ಹೇಳದೆ ಎತ್ತಿಕೊಂಡು ಹೋಗಿ, ಸಮುದ್ರದ ದಂಡೆಯ ಮರಳನ್ನು ಅದರಲ್ಲಿ ಜರಡಿಯಾಡಿಸಿ, ತೊಳೆದು ಒರೆಸಿ, ಇದ್ದ ಮೊಳೆಗೇ ಮತ್ತೆ ನೇತುಹಾಕಿದೆ. ಮಧ್ಯಾಹ್ನ ಚಪಾತಿ ಬಾಯಲ್ಲಿ ಕರಕರ ಎಂದಾಗ ಅವಳು ಜಗಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ತಟ್ಟೆ ನೋಡಿದೆ. "ಅಂಗಡಿ ಹಿಟ್ಟೇ ಈಚೆಗೆ ಹೀಗೆ ಬರ್ತಿದೆ" ಎಂದೆ. ಹೆದರಿದಾಗ ನನ್ನ ಬಾಯಿಂದ ಮೊದಲು ಹೊರಡುವುದು ಸುಳ್ಳು. ಇದನ್ನು ನಿಮಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಹೇಳಲಿರುವ ಸಂಗತಿಯಲ್ಲಿ ನಾನು ಹೆದರದೆ ಇದ್ದ ಗಳಿಗೆಗಳು ಬಹಳ ಕಡಿಮೆ.

ಮರಳನ್ನು ಜರಡಿ ಹಿಡಿಯುವ ಹುಚ್ಚು ನನಗೆ ಹಿಡಿದದ್ದು ನಮ್ಮ ಆಫೀಸಿನಲ್ಲಿದ್ದ ಒಬ್ಬ ಇಂಗ್ಲಿಷ್ ಮುದುಕನಿಂದ. ಕಟ್ಟಡ ಕಟ್ಟುವ ಆ ಕಂಪನಿಯಲ್ಲಿ ಆತ ಸರ್ವೇಯರ್, ನಾನು ಪರ್ಚೇಸ್ ವಿಭಾಗದ ಗುಮಾಸ್ತ. ಸೈಟುಗಳಿಂದ ಬರುವ ಬೇಡಿಕೆಯ ಕಾಗದಗಳನ್ನು ಮ್ಯಾನೇಜರ ಸಹಿಗೆ ಒಯ್ಯುವುದು, ಸಹಿಯಾದ ಮೇಲೆ ಸಾಮಾನು ತರಿಸುವುದು ನನ್ನ ಕೆಲಸ. ಮುದುಕ ಕೆಲಸ ಬಿಟ್ಟು ಊರಿಗೆ ಹೊರಟ ದಿನ ಒಂದು ಉದ್ದನೆಯ ಚೀಲವನ್ನು ನನ್ನ ಮೇಜಿನ ಮೇಲಿಟ್ಟು, ಇನ್ನು ಇದು ನಿನ್ನದು ಎಂದು ಹೇಳಿ ಹೋದ. ಒಳಗಿದ್ದದ್ದು ಮೆಟಲ್ ಡಿಟೆಕ್ಟರು. ತುದಿಯಲ್ಲಿ ತಟ್ಟೆಯಂಥದೊಂದು, ನಡುವೆ ಕೋಲು, ಮೇಲೆ ಮುಳ್ಳಿರುವ ಪುಟ್ಟ ಪೆಟ್ಟಿಗೆ, ಕಿವಿಗೆ ಹಾಕಿಕೊಳ್ಳಲು ಹೆಡ್‌ಫೋನು. ನೆಲದ ಮೇಲೆ ತಟ್ಟೆಯನ್ನು ನಿಧಾನವಾಗಿ ಅತ್ತಿತ್ತ ಆಡಿಸುತ್ತ ನಡೆಯಬೇಕು. ಕೆಳಗೆ ಲೋಹವಿದ್ದರೆ ಅದು ಕೂಗುತ್ತದೆ. ಅಷ್ಟೇ. ಆದರೆ ಆ ಅಷ್ಟರಲ್ಲಿ ಏನು ಸುಖವಿತ್ತು ಎಂದು ಈಗಲೂ ನನಗೆ ವಿವರಿಸಲು ಬಾರದು. ವಾರವಿಡೀ ಇನ್ನೊಬ್ಬರ ಬೇಡಿಕೆಗಳನ್ನು ಓದಿ ಓದಿ ದಣಿದವನಿಗೆ, ತನ್ನ ಬೇಡಿಕೆಯೇನೆಂದು ತಿಳಿಯದೆಯೇ ನೆಲವನ್ನು ಕೇಳುತ್ತ ನಡೆಯುವುದು ಹಗುರವೆನಿಸುತ್ತಿತ್ತು.

ತೊಡಕು ಇದ್ದದ್ದು ಜಾಗದ್ದು. ಎಲ್ಲಿ ಅಗೆಯುವುದು? ನೋಡಿದರೆ ಕತಾರ್ ಎಂಬ ದೇಶವೇ ಆಗ ಅಗೆಸಿಕೊಂಡು ಬಿದ್ದಿತ್ತು. ರಸ್ತೆ ಬಗೆದು ಪೈಪು, ಪೈಪು ಮುಚ್ಚಿ ರಸ್ತೆ, ಮತ್ತೆ ಅದನ್ನೇ ಬಗೆದು ಕೇಬಲ್ಲು. ನಿನ್ನೆ ಎಡಕ್ಕೆ ತಿರುಗಿದ್ದ ರೌಂಡಬೌಟು ಇಂದು ಇಲ್ಲ. ಇಡೀ ದೇಶವನ್ನು ಅಗೆಯುತ್ತಿದ್ದವರೆಲ್ಲ ನಮ್ಮಂಥ ಹೊರಗಿನವರೇ. ಆದರೂ ಸ್ವಂತಕ್ಕೆಂದು ಒಂದು ಗೇಣು ಅಗೆಯುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ವೀಸಾದ ಮೇಲೆ ಬದುಕುವುದೆಂದರೆ ನೆಂಟರ ಮನೆಯಲ್ಲಿ ಉಳಿದುಕೊಂಡ ಹಾಗೆ. ಅವರು ಎಷ್ಟೇ ಒಳ್ಳೆಯವರಿರಲಿ, ಬಚ್ಚಲ ಬಾಗಿಲನ್ನು ಸದ್ದಾಗದಂತೆ ಹಾಕುವ ಅಭ್ಯಾಸ ನಮಗಾಗಿಬಿಡುತ್ತದೆ. ನಾನಂತೂ ಹುಟ್ಟು ಪುಕ್ಕಲ. ಪುಕ್ಕಲನಿಗೆ ಇಂಥ ಹವ್ಯಾಸ ಅಂಟಿಕೊಂಡರೆ ಅವನು ಹುಡುಕುವುದು ನಾಣ್ಯವನ್ನಲ್ಲ, ಹೆದರಿಕೆಯಿಲ್ಲದ ಜಾಗವನ್ನು.

ಮೊದಲು ವಕ್ರಾದ ಸಮುದ್ರ ದಂಡೆಗೆ ಹೋದೆ. ಬೆಳಗಿನ ಆರು ಗಂಟೆ, ಒಬ್ಬರೂ ಇರಲಿಲ್ಲ. ತಂಪು ಪಾನೀಯದ ಡಬ್ಬಿಗಳ ಕಿವಿಗಳು ಹದಿನೇಳು, ಒಂದು ಕೊಡೆಯ ಕಡ್ಡಿ, ಒಂದು ಚಮಚ ಸಿಕ್ಕವು. ಹಿಂದೆ ಗಾಡಿಯ ಬಾಗಿಲು ಹಾಕಿದ ಸದ್ದಾಯಿತು. ಇಬ್ಬರು ಪೊಲೀಸರು. ನನ್ನ ಗುರುತಿನ ಚೀಟಿಯನ್ನು ತಿರುವಿ ಮುರುವಿ ನೋಡಿದರು, ಚಮಚವನ್ನು ನೋಡಿದರು, ತಮ್ಮತಮ್ಮೊಳಗೆ ಏನೋ ಹೇಳಿ ನಕ್ಕರು, ಚೀಟಿಯನ್ನು ಮರಳಿಸಿ ಹೊರಟರು. ಅವರು ನಕ್ಕದ್ದೇ ನನಗೆ ಸಾಕಾಯಿತು. ಮತ್ತೆ ಆ ಕಡೆ ಹೋಗಲಿಲ್ಲ. ಉತ್ತರದ ತುದಿಯಲ್ಲಿ ಜನ ಬಿಟ್ಟುಹೋದ ಹಳೆಯ ಮೀನುಗಾರರ ಹಳ್ಳಿಗಳಿವೆ. ಅಲ್ಲಿ ಮಣ್ಣಿನ ಗೋಡೆಗಳ ನಡುವೆ ಡಿಟೆಕ್ಟರನ್ನು ಚೀಲದಿಂದ ತೆಗೆಯುವ ಮುಂಚೆಯೇ, ಹಳೆಯ ವಸ್ತುಗಳನ್ನು ಮುಟ್ಟಿದವರನ್ನು ಸರ್ಕಾರ ಸುಮ್ಮನೆ ಬಿಡುವುದಿಲ್ಲವೆಂದು ಯಾರೋ ಹೇಳಿದ್ದು ನೆನಪಾಗಿ, ಚೀಲದ ಜಿಪ್ಪು ಎಳೆದುಕೊಂಡು ತಿರುಗಿ ಬಂದೆ. ನಿಜ ಹೇಳಬೇಕೆಂದರೆ ಆ ಕಾನೂನು ಸರಿಯಾದದ್ದೇ. ಆ ಹಳ್ಳಿಗಳಲ್ಲಿ ಬಿದ್ದಿದ್ದ ಒಂದು ಗಾಳ ಕೂಡ ಯಾರದೋ ಅಜ್ಜನದು. ಪಾರ್ಕಿನಲ್ಲಿ ಕಾವಲುಗಾರ ಬೆರಳಾಡಿಸಿ "ಮಮ್ನೂ, ಮಮ್ನೂ" ಎಂದ. ಮಾಡಕೂಡದು ಎನ್ನುವುದಕ್ಕೆ ಅಲ್ಲಿ ಹೇಳುವ ಮಾತು. ದುಖಾನಿನ ದಾರಿಯ ಬಯಲಿನಲ್ಲಿ ಯಾರೂ ಬೇಡವೆನ್ನಲಿಲ್ಲ, ಆದರೆ ತಟ್ಟೆ ಮೊದಲ ಸಲ ಜೋರಾಗಿ ಕೂಗಿದಾಗ ಕೆಳಗಿರುವುದು ಎಂದೋ ಸಿಡಿಯದೆ ಉಳಿದ ಮದ್ದುಗುಂಡಿರಬಹುದೇ ಎಂಬ ಯೋಚನೆ ಬಂತು. ಏನಿತ್ತೋ, ಅಗೆಯದೆ ಬಂದುಬಿಟ್ಟೆ.

ಆಗ ಜಾಗ ತೋರಿಸಿದವನು ಸಂಜೀವಣ್ಣ. ಕಾರ್ಕಳದ ಕಡೆಯವನು, ಮನೆಮಾತು ತುಳು, ನಮ್ಮ ಕಂಪನಿಯ ಸೈಟಿನಲ್ಲಿ ಫೋರ್‌ಮನ್. ಅವನ ಹೆಂಡತಿ ಮಕ್ಕಳು ಊರಿನಲ್ಲಿದ್ದುದರಿಂದ ಶುಕ್ರವಾರದ ಊಟಕ್ಕೆ ಅಲ್ ಮನ್ಸೂರಾದ ನಮ್ಮ ಎರಡು ಕೋಣೆಯ ಮನೆಗೆ ಬರುತ್ತಿದ್ದ. ಆಗ ಅಲ್ ಥುಮಾಮಾದಲ್ಲಿ ಅವನ ಉಸ್ತುವಾರಿಯಲ್ಲಿ ಒಂದು ನಾಲ್ಕು ಮಹಡಿಯ ಕಟ್ಟಡ ಏಳುತ್ತಿತ್ತು. ನನ್ನ ಪೀಕಲಾಟ ಕೇಳಿ ಸಾರು ಕಲಸುತ್ತ ಹೇಳಿದ:

"ನಿಮ್ಗೆ ಮಣ್ಣು ಕೆದಕ್ಲಿಕ್ಕೆ ಜಾಗ ಬೇಕಾದ್ದಲ್ವಾ ಸಾರ್? ಥುಮಾಮಾಕ್ಕೆ ಬನ್ನಿ ಮಾರಾಯ್ರೆ. ಖಾಲಿ ಪ್ಲಾಟು ಎಷ್ಟು ಬೇಕು ಅಷ್ಟು ಉಂಟು. ಶುಕ್ರವಾರ ಬೆಳಿಗ್ಗೆ ಅಲ್ಲಿ ಒಂದು ಬೆಕ್ಕು ಕೂಡ ಇರುದಿಲ್ಲ. ನಮ್ಮ ಸೈಟಿನ ಹಿಂದಿನ ಮೂಲೆ ಒಂದು ಬೇಡ. ಅಲ್ಲಿ ಹಾವು ಉಂಟು."

ಮೂರು ಶುಕ್ರವಾರ ಅವನು ಹೇಳಿದಂತೆಯೇ ನಡೆಯಿತು. ಮೊಳೆ, ಕಟ್ಟುವ ತಂತಿಯ ತುಂಡು, ಒಂದು ತುಕ್ಕು ಹಿಡಿದ ಬೀಗ. ನಾಲ್ಕನೆಯ ಶುಕ್ರವಾರ ಕಾಲು ತಾನಾಗಿ ಆ ಹಿಂದಿನ ಮೂಲೆಗೆ ಎಳೆಯಿತು. ಹೆದರಿಕೆಗೂ ಕುತೂಹಲಕ್ಕೂ ನಡುವೆ ಎಷ್ಟು ತೆಳುವಾದ ಗೋಡೆಯಿದೆ ಎಂದರೆ, ನನ್ನಂಥವನು ಕೂಡ ಕೆಲವೊಮ್ಮೆ ಗೊತ್ತಾಗದೆ ಆ ಕಡೆಯಿಂದ ಈ ಕಡೆಗೆ ಬಂದುಬಿಡುತ್ತಾನೆ. ಸೈಟಿನ ತಗಡಿನ ಬೇಲಿಯ ಹೊರಗೆ, ಕಟ್ಟಡದ ಈಶಾನ್ಯಕ್ಕೆ, ಮರಳು ಸ್ವಲ್ಪ ಸಮತಟ್ಟಾಗಿದ್ದ ಕಡೆ ತಟ್ಟೆ ಆಡಿಸಿದೆ. ಬೇಲಿಯಾಚೆ ಕಟ್ಟಡದ ಮೈಗೆ ಕಟ್ಟಿದ್ದ ಅಟ್ಟಣಿಗೆಯ ಪೈಪುಗಳು ನಾಲ್ಕನೆಯ ಮಹಡಿಯವರೆಗೆ ಹೋಗಿದ್ದವು. ಆ ಅಟ್ಟಣಿಗೆಯಿಂದ ಮೂರು ತಿಂಗಳ ಹಿಂದೆ ಲಿಂಗಯ್ಯ ಎಂಬ ಕೆಲಸಗಾರ ಬಿದ್ದಿದ್ದ. ಸೊಂಟ ಮುರಿದು, ಗಾಲಿಕುರ್ಚಿಯಲ್ಲಿ ವಿಮಾನ ಹತ್ತಿಸಿ ಅವನನ್ನು ಕರೀಂನಗರದ ಕಡೆಯ ಅವನ ಊರಿಗೆ ಕಳಿಸಿದ್ದರು. ಅಟ್ಟಣಿಗೆಯನ್ನು ನೋಡದೆ ನೆಲವನ್ನೇ ನೋಡಿಕೊಂಡು ನಡೆದೆ.

ಯಂತ್ರ ಕೂಗಿತು. ಮೊಳೆಗೆ ಅದು ಕೀಚಲಾಗಿ ಕೂಗುತ್ತದೆ, ಇದು ತುಂಬು ದನಿ. ಒಂದು ಮೊಳದಷ್ಟು ಅಗೆದಾಗ ಪ್ಲಾಸ್ಟಿಕ್ಕಿನ ಪೊಟ್ಟಣ ಸಿಕ್ಕಿತು. ಬಿಚ್ಚಿದೆ. ಕೆಂಪು ಬಟ್ಟೆ. ಅದರೊಳಗೆ ಒಣಗಿ ಕಪ್ಪಾದ ನಿಂಬೆಹಣ್ಣು, ಅರಿಸಿನ ಮೆತ್ತಿದ ಅಕ್ಕಿಕಾಳು, ಅಂಗೈಯಗಲದ ಒಂದು ತಾಮ್ರದ ತಗಡು. ತಗಡಿನ ಮೇಲೆ ಚೌಕಗಳ ಮಂಡಲ, ಚೌಕಗಳೊಳಗೆ ಒಂದೊಂದು ಅಕ್ಷರ. ಕನ್ನಡದ ಅಕ್ಷರ.

ಕನ್ನಡ ಅಕ್ಷರ ನೋಡಿ ನಾನು ಹೆದರಿದ್ದು ಅದೇ ಮೊದಲು. ಪರದೇಶದಲ್ಲಿ ಒಂದು ಹಳೆಯ ಕನ್ನಡ ಕ್ಯಾಲೆಂಡರಿನ ಹಾಳೆ ಕಂಡರೂ ಬಂಧುವನ್ನು ಕಂಡಂತೆ ಎತ್ತಿಕೊಳ್ಳುವವನು, ಆ ಬಿಸಿಲಿನಲ್ಲಿ ಕೈಕಾಲು ತಣ್ಣಗಾಗಿ ಕುಳಿತೆ. ಏಕೆಂದರೆ ಮಾಟಮಂತ್ರವೆಂದರೆ ಆ ದೇಶದಲ್ಲಿ ತಮಾಷೆಯಲ್ಲ, ಯಂತ್ರ ತಾಯಿತಗಳ ಜೊತೆ ಸಿಕ್ಕಿಬಿದ್ದರೆ ಜೈಲು, ಆಮೇಲೆ ಗಡೀಪಾರು ಎಂದು ಬಂದ ಹೊಸತರಲ್ಲೇ ಕೇಳಿದ್ದೆ. ಸಿಕ್ಕಿಬೀಳುವವನು ಹೂತಿಟ್ಟವನಲ್ಲ, ಹಿಡಿದುಕೊಂಡವನು. ಅದರ ಜೊತೆಗೇ ಇನ್ನೊಂದು ಹೆದರಿಕೆ, ಇದು ಎಷ್ಟೋ ಹಳೆಯದು. ನಮ್ಮಜ್ಜಿ ದಾರಿಯಲ್ಲಿ ಮಂತ್ರಿಸಿದ ನಿಂಬೆಹಣ್ಣು ಕಂಡರೆ ನನ್ನ ರಟ್ಟೆ ಹಿಡಿದು ಸುತ್ತು ಹಾಕಿಸಿ ಕರೆದೊಯ್ಯುತ್ತಿದ್ದಳು. ನಾನು ಇಂಥದ್ದನ್ನೆಲ್ಲ ನಂಬುವವನಲ್ಲ ಎಂದು ಗೆಳೆಯರ ನಡುವೆ ಎಷ್ಟೋ ಸಲ ವಾದಿಸಿದ್ದೇನೆ. ನಂಬಿಕೆ ತಲೆಯಲ್ಲಿರುತ್ತದೆ, ಹೆದರಿಕೆ ಬೆರಳ ತುದಿಯಲ್ಲಿರುತ್ತದೆ ಎನ್ನುವುದು ಅಂದು ತಿಳಿಯಿತು. ಮತ್ತೆ ಹೂಳೋಣವೆಂದು ಕೈ ಚಾಚುವಷ್ಟರಲ್ಲಿ ರಸ್ತೆಯ ಕಡೆಯಿಂದ ಬಿಳಿ ಲ್ಯಾಂಡ್ ಕ್ರೂಸರ್ ಬಂದು ನನ್ನ ಕಾರಿನ ಪಕ್ಕ ನಿಂತಿತು. ತಗಡನ್ನು ಬಟ್ಟೆಯ ಸಮೇತ ಅಂಗಿಯೊಳಕ್ಕೆ ತುರುಕಿಕೊಂಡೆ.

ಇಳಿದವರು ಒಬ್ಬ ಕತಾರಿ ಹಿರಿಯರು. ಇಸ್ತ್ರಿಯ ಬಿಳಿ ನಿಲುವಂಗಿ, ಕೈಯಲ್ಲಿ ತೆಳ್ಳನೆಯ ಬೆತ್ತ. ನಿಧಾನವಾಗಿ ಹತ್ತಿರ ಬಂದು, ಡಿಟೆಕ್ಟರನ್ನು ಬೆತ್ತದಿಂದ ಮೆಲ್ಲಗೆ ತೋರಿಸಿ ಕೇಳಿದರು, "ಶೂ ಹಾದಾ, ಸದೀಕ್?" ಏನಿದು ಗೆಳೆಯ ಎಂದು.

"ಮಿಫ್ತಾ" ಎಂದೆ. ಬೀಗದ ಕೈ. "ಮಿಫ್ತಾ ಮಾಫಿ." ಬೀಗದ ಕೈ ಇಲ್ಲ, ಕಳೆದಿದೆ. ಹೇಳಿದೆನಲ್ಲ, ಮೊದಲು ಹೊರಡುವುದು ಸುಳ್ಳು.

ಅವರ ಮುಖ ಮೆತ್ತಗಾಯಿತು. ನಂತರ ನಡೆದದ್ದನ್ನು ನೆನೆದರೆ ಈಗಲೂ ನನಗೆ ಬೆವರು ಬರುತ್ತದೆ. ಆ ಹಿರಿಯರು ನಿಲುವಂಗಿಯ ತುದಿಯನ್ನು ಎತ್ತಿ ಹಿಡಿದು, ಬೆತ್ತದಿಂದ ಮರಳು ಕೆದರುತ್ತ, ಇಲ್ಲದ ನನ್ನ ಬೀಗದ ಕೈಯನ್ನು ಹುಡುಕತೊಡಗಿದರು. ಐದು ನಿಮಿಷವಲ್ಲ, ಹತ್ತು ನಿಮಿಷವಲ್ಲ, ಅರ್ಧ ಗಂಟೆ. ನಾನು ಅವರ ಪಕ್ಕದಲ್ಲಿ ಬಗ್ಗಿ ಬಗ್ಗಿ ಹುಡುಕುವಂತೆ ನಟಿಸಿದೆ. ಬಗ್ಗಿದಾಗಲೆಲ್ಲ ತಗಡಿನ ಮೂಲೆ ಹೊಟ್ಟೆಗೆ ಒತ್ತುತ್ತಿತ್ತು. ಕೊನೆಗೆ ಅವರು ಬೆವರು ಒರೆಸಿಕೊಂಡು, ಸಿಗದಿದ್ದಕ್ಕೆ ತಮ್ಮದೇ ತಪ್ಪೆಂಬಂತೆ ತಲೆಯಾಡಿಸಿ, ಕಾರಿನಿಂದ ಒಂದು ತಣ್ಣನೆಯ ನೀರಿನ ಬಾಟಲಿ ತಂದು ನನ್ನ ಕೈಗಿಟ್ಟರು. "ಅಲ್ಲಾ ಕರೀಮ್" ಎಂದು ಭುಜ ತಟ್ಟಿದರು. ದೇವರು ದೊಡ್ಡ ಮನಸ್ಸಿನವನು, ಸಿಗುತ್ತದೆ ಬಿಡು ಎಂಬ ಸಮಾಧಾನ. ಅವರು ಹೋದ ಮೇಲೆ ನನಗೆ ಅಳು ಬಂತು. ಕಾಠಿಣ್ಯಕ್ಕೆ ಹೆದರುವುದು ನನಗೆ ರೂಢಿಯಾಗಿತ್ತು. ಅಂದು ಒಬ್ಬರ ಒಳ್ಳೆಯತನಕ್ಕೆ ಹೆದರಿ ಅರ್ಧ ಗಂಟೆ ನಡುಗಿದ್ದೆ. ತಗಡನ್ನು ಮತ್ತೆ ಹೂಳುವ ಧೈರ್ಯವಾಗಲಿಲ್ಲ. ಅವರು ತಿರುಗಿ ಬಂದರೆ? ಹಾಗೇ ಮನೆಗೆ ಹೊರಟೆ.

ಮನೆಯಲ್ಲಿ ಸುಮಿತ್ರಾ ಅಡುಗೆಮನೆಯ ಕಟ್ಟೆಯ ಮೇಲೆ ಹಳೆಯ ಪೇಪರು ಹಾಸಿ, ತಗಡನ್ನು ಅದರ ಮೇಲಿಡಿಸಿದಳು, ತಾನು ಮುಟ್ಟಲಿಲ್ಲ.

"ಇದನ್ನ ಯಾಕ್ರೀ ಮನೆಗೆ ತಂದ್ರಿ?"

"ಅಲ್ಲೇ ಬಿಟ್ಟು ಬರೋಕೆ ಆಗ್ಲಿಲ್ಲ ಕಣೇ."

"ಯಾರದ್ದೋ ಏನೋ. ಸಂಜೀವಣ್ಣನ ಸೈಟ್ ಹತ್ರಾನೇ ಅಂತೀರ. ಅವರೇ ಊಟಕ್ಕೆ ಬರ್ತಾರೆ, ಕೇಳಿ."

ಅವಳು ಕನ್ನಡಕ ಹಾಕಿಕೊಂಡು ಬಗ್ಗಿದಳು. ಮಂಡಲದ ಕೆಳಗೆ, ಅಷ್ಟು ಅಂದವಲ್ಲದ ಅಕ್ಷರದಲ್ಲಿ, ಮೊಳೆಯಿಂದ ಗೀರಿದಂತೆ ಸಾಲುಗಳಿದ್ದವು. ಬಯಲಿನ ಗಾಬರಿಯಲ್ಲಿ ನಾನು ಅವನ್ನು ಓದಿರಲಿಲ್ಲ. "ಹೆಸರುಗಳು ಕಣ್ರೀ" ಎಂದು ಅವಳು ಓದತೊಡಗಿದಳು. "ಮಲ್ಲೇಶ. ಪೋಚಯ್ಯ. ಗಂಗಾರಾಂ..."

"ಸಾಯಿಲು" ಎಂದೆ ನಾನು.

ಅವಳು ಓದುವುದನ್ನು ನಿಲ್ಲಿಸಿದಳು. ಮುಂದಿನ ಸಾಲಿನ ಮೇಲೆ ಬೆರಳು ತೋರಿಸಿದಳು, ಮುಟ್ಟದೆ. ನಾನು ಒಲೆಯ ಕಡೆ ತಿರುಗಿ ನಿಂತಿದ್ದೆ. "ನರ್ಸಯ್ಯ" ಎಂದೆ. "ಆಮೇಲೆ ಇನ್ನೊಬ್ಬ ಮಲ್ಲೇಶ. ಆಮೇಲೆ ರಾಜಯ್ಯ." ಕೊನೆಯವರೆಗೂ ಹೇಳಿದೆ. ಹನ್ನೊಂದು ಹೆಸರು, ಅದೇ ಕ್ರಮದಲ್ಲಿ.

"ನಿಮಗೆ ಹೇಗೆ ಗೊತ್ತು?" ಎಂದು ಸುಮಿತ್ರಾ ಕೇಳಿದಳು. ಅವಳ ದನಿಯಲ್ಲಿ ಹೆದರಿಕೆಯಿತ್ತು. ತಗಡಿಗಲ್ಲ, ನನಗೆ.

ಹೇಗೆ ಗೊತ್ತೆಂದರೆ, ಅದೇ ಹೆಸರುಗಳ ಪಟ್ಟಿ ನಾಲ್ಕು ತಿಂಗಳಿಂದ ನನ್ನ ಮೇಜಿನ ಮೇಲಿನ ಟ್ರೇಯಲ್ಲಿ, ಎಲ್ಲಕ್ಕಿಂತ ಕೆಳಗೆ ಬಿದ್ದಿತ್ತು. ಸಂಜೀವಣ್ಣ ಕಳಿಸಿದ ಬೇಡಿಕೆ: ಅಟ್ಟಣಿಗೆ ಹತ್ತುವವರಿಗೆ ಸೇಫ್ಟಿ ಬೆಲ್ಟು ಸಾಲದು, ಹನ್ನೆರಡು ಬೇಕು, ತೊಡುವವರ ಹೆಸರು ಈ ಕೆಳಗಿನಂತಿದೆ. ಆ ಕಾಗದ ಬಂದ ದಿನ ನಮ್ಮ ಮ್ಯಾನೇಜರು ಬೆಳಿಗ್ಗೆಯಿಂದ ಸಿಡಿಮಿಡಿಗೊಂಡಿದ್ದರು. ಬೇರೊಂದು ಬೇಡಿಕೆಯನ್ನು ನನ್ನ ಕಡೆಗೇ ಎಸೆದಿದ್ದರು. ನಾಳೆ ಕೊಡೋಣವೆಂದು ಇದನ್ನು ಟ್ರೇಗೆ ಹಾಕಿದೆ. ನಾಳೆಯೂ ಅವರ ಮುಖ ಹಾಗೇ ಇತ್ತು. ಮೂರು ವಾರ ಹೀಗೆ ನಾಳೆಗಳಾದವು. ನಾಲ್ಕನೆಯ ವಾರ ಪಟ್ಟಿಯ ಮೊದಲ ಹೆಸರಿನವನು ಮೂರನೆಯ ಮಹಡಿಯಿಂದ ಬಿದ್ದ. ಲಿಂಗಯ್ಯ.

ಅವತ್ತಾದರೂ ಒಯ್ಯಬೇಕಿತ್ತು ಎನ್ನುತ್ತೀರಿ. ಸಂಜೀವಣ್ಣ ಎರಡನೆಯ ಬಾರಿ ಬರೆದ, ಮೂರನೆಯ ಬಾರಿ ಬರೆದ. ಎರಡರಲ್ಲೂ ಮೊದಲ ಕಾಗದದ ತಾರೀಖು ನಮೂದಾಗಿತ್ತು. ಇವನ್ನು ಮೇಜಿನ ಮೇಲಿಟ್ಟರೆ ಮ್ಯಾನೇಜರು ಮೊದಲನೆಯದು ಎಲ್ಲಿ ಎಂದು ಕೇಳುತ್ತಾರೆ, ತಾರೀಖು ನೋಡುತ್ತಾರೆ, ಬೀಳುವ ಮೂರು ವಾರ ಮೊದಲೇ ಬಂದಿದ್ದ ಕಾಗದ ಇಷ್ಟು ದಿನ ಯಾರ ಕೈಯಲ್ಲಿತ್ತು ಎಂದು ಕೇಳುತ್ತಾರೆ. ಆಮೇಲೆ ಕೆಲಸ, ವೀಸಾ, ಸುಮಿತ್ರಾ, ಮೈಸೂರಿಗೆ ಬರಿಗೈಯಲ್ಲಿ ಹಿಂದಿರುಗುವುದು. ಪ್ರತಿ ದಿನ ಬೆಳಿಗ್ಗೆ ಆ ಕಾಗದವನ್ನು ಕೆಳಗಿನಿಂದ ಹೊರಗೆ ಎಳೆದು, ಹೆಸರುಗಳನ್ನು ಓದಿ, ಮತ್ತೆ ಕೆಳಗೇ ತಳ್ಳುತ್ತಿದ್ದೆ. ಅದಕ್ಕೇ ಬಾಯಿಪಾಠವಾಗಿತ್ತು. ನೆಲದೊಳಗೆ ಹೂತದ್ದನ್ನು ಹುಡುಕುತ್ತ ದೇಶವೆಲ್ಲ ಅಲೆದವನು, ಹೂಳುವುದರಲ್ಲಿ ನಾನೆಷ್ಟು ಪಳಗಿದ್ದೇನೆಂದು ನೋಡಿಕೊಂಡಿರಲೇ ಇಲ್ಲ.

ಇಷ್ಟನ್ನೂ ಸುಮಿತ್ರಾಗೆ ಹೇಳಿದೆ. ಅವಳು ತಗಡಿನ ಸಾಲುಗಳನ್ನು ಮತ್ತೊಮ್ಮೆ ಓದಿ, "ಲಿಂಗಯ್ಯನ ಹೆಸರು ಇದರಲ್ಲಿಲ್ಲ" ಎಂದಳು.

ಒಂದು ಗಂಟೆಗೆ ಸಂಜೀವಣ್ಣ ಬಂದ. ಕೈಯಲ್ಲಿ ಎಂದಿನಂತೆ ಬಾಳೆಹಣ್ಣಿನ ಚಿಪ್ಪು. ನಾನು ಪೇಪರಿನ ಸಮೇತ ತಗಡನ್ನು ತಂದು ಅವನ ಮುಂದಿಟ್ಟೆ. ಬೈಯುತ್ತಾನೆಂದುಕೊಂಡಿದ್ದೆ. ಅವನು ಮೊದಲು ಹೋಗಿ ನಮ್ಮ ಬಾಗಿಲಿನ ಚಿಲಕ ಹಾಕಿ ಬಂದ.

"ಯಾರಾದ್ರೂ ನೋಡಿದ್ರಾ ಸಾರ್?"

"ಇಲ್ಲ."

"ದೇವರು ದೊಡ್ಡವನು." ಕುರ್ಚಿಯ ತುದಿಯಲ್ಲಿ ಕುಳಿತ. "ಲಿಂಗಯ್ಯ ಬಿದ್ದ ಮೇಲೆ ಅವರು ಯಾರೂ ಮೇಲೆ ಹತ್ಲಿಕ್ಕೆ ಒಪ್ಲಿಲ್ಲ ಸಾರ್. ಹನ್ನೊಂದು ಜನವೂ ಕೆಳಗೆ ಕೂತ್ರು. ಹತ್ತದಿದ್ರೆ ಊರಿಗೆ ಕಳಿಸ್ತೇವೆ ಅಂತ ಆಫೀಸಿಂದ ಫೋನು. ನಾನು ಎಂತ ಮಾಡುದು? ನಮ್ಮೂರ ಭಟ್ರ ಹತ್ರ ಮಾಡಿಸಿ, ರಜೆಯಿಂದ ಬರುವವರ ಕೈಯಲ್ಲಿ ಚಿಪ್ಸಿನ ಪ್ಯಾಕೆಟಿನೊಳಗೆ ತರಿಸಿದ್ದು. ಹೆಸರು ನಾನೇ ಗೀರಿದ್ದು, ಅವರ ಎದುರೇ. ಅವರ ಎದುರೇ ಹೂತದ್ದು. ಮರುದಿನ ಹತ್ತಿದ್ರು."

"ನೀವು ಇದನ್ನ ನಂಬ್ತೀರಾ?" ಎಂದು ಸುಮಿತ್ರಾ ಕೇಳಿದಳು.

"ನಾನು ನಂಬುದು ಬೆಲ್ಟನ್ನು ಅಕ್ಕಾ" ಎಂದ ಸಂಜೀವಣ್ಣ. "ಬೆಲ್ಟು ಬರ್ಲಿಲ್ಲ. ಮೂರು ಸಲ ಬರೆದೆ. ಮೇಲಿನವರು ಪಾಸು ಮಾಡುದಿಲ್ಲ ಕಾಣ್ತದೆ. ಸಾರ್ ಆದ್ರೂ ಎಂತ ಮಾಡ್ಲಿಕ್ಕೆ ಆಗ್ತದೆ, ಪಾಪ."

ಆ 'ಪಾಪ' ನನ್ನ ಎದೆಗೆ ನಾಟಿತು. ಸುಮಿತ್ರಾ ನನ್ನ ಕಡೆ ನೋಡಲಿಲ್ಲ. ಅವಳು ನೋಡಿದ್ದರೆ ಸಹಿಸಿಕೊಳ್ಳಬಹುದಿತ್ತು. ಹೇಳಿಬಿಡಬೇಕೆಂದು ಬಾಯಿ ತೆರೆದೆ. ಎದುರಿಗಿದ್ದವನು ವಾರವಾರ ನಮ್ಮ ಮನೆಯಲ್ಲಿ ಉಣ್ಣುವವನು, ನನ್ನನ್ನು ಒಳ್ಳೆಯವನೆಂದು ತಿಳಿದವನು. ಬಾಯಿ ಮುಚ್ಚಿಕೊಂಡೆ.

"ಈಗ ಇದು ಅಲ್ಲಿಲ್ಲ ಅಂತ ಅವರಿಗೆ ಗೊತ್ತಾದ್ರೆ?" ಎಂದೆ.

"ಗೊತ್ತಾಗ್ಲಿಕ್ಕೆ ಬಿಡ್ಬಾರ್ದು. ಗೊತ್ತಾದ್ರೆ ಹತ್ತುದಿಲ್ಲ, ಹತ್ತಿದ್ರೆ ಕಾಲು ನಡುಗ್ತದೆ. ನಡುಗುವ ಕಾಲೇ ಜಾರುದು ಸಾರ್. ಮತ್ತೆ ಹೂಳ್ಲಿಕ್ಕೂ ಧೈರ್ಯ ಇಲ್ಲ ನನಗೆ, ಪಕ್ಕದ ಪ್ಲಾಟಿಗೆ ನಾಡಿದ್ದು ಜೆಸಿಬಿ ಬರ್ತದಂತೆ. ಇದನ್ನು ನೀರಿಗೆ ಬಿಡ್ತೇನೆ." ತಗಡನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ, ಬಾಳೆಹಣ್ಣು ತಂದಿದ್ದ ಪ್ಲಾಸ್ಟಿಕ್ ಚೀಲವನ್ನು ಖಾಲಿ ಮಾಡಿ ಅದರೊಳಗಿಟ್ಟ. ಆಮೇಲೆ ತಲೆಯೆತ್ತದೆ ಕೇಳಿದ: "ಬೆಲ್ಟು ಬರ್ತದಾ ಸಾರ್?"

"ಬರುತ್ತೆ" ಎಂದೆ.

ಹೆದರಿಕೆಯಲ್ಲಿ ನನ್ನ ಬಾಯಿಂದ ಹೊರಟ ಆ ಮಾತು ಸುಳ್ಳಾಗದಂತೆ ಮಾಡುವುದು ಹೇಗೆಂದು ಶುಕ್ರವಾರದ ಉಳಿದ ಹೊತ್ತೆಲ್ಲ ಯೋಚಿಸಿದೆ. ಶನಿವಾರ ಬೆಳಿಗ್ಗೆ ಏಳಕ್ಕೆ ಹನ್ನೊಂದು ಜನ ಆ ಅಟ್ಟಣಿಗೆ ಹತ್ತುತ್ತಾರೆ. ಬೆಲ್ಟಿಲ್ಲ. ಬೆಲ್ಟಿನ ಬದಲಿಗೆ ಇದ್ದದ್ದನ್ನೂ ನಾನು ಕಿತ್ತುಹಾಕಿದ್ದೇನೆ. ಏನೂ ಇಲ್ಲದ ಮೂಲೆಯನ್ನು ನಂಬಿ ಅವರು ನಾಲ್ಕನೆಯ ಮಹಡಿಯ ಪೈಪಿನ ಮೇಲೆ ಕಾಲಿಡುತ್ತಾರೆ. ಆ ರಾತ್ರಿ ನಿದ್ದೆ ಬರಲಿಲ್ಲ ಎಂದು ಬರೆದರೆ ಅದು ಎಲ್ಲರೂ ಬರೆಯುವ ಮಾತಾಗುತ್ತದೆ. ನಿಜವೆಂದರೆ ನಿದ್ದೆ ಬಂತು, ಬೆಳಿಗ್ಗೆ ಎದ್ದಾಗ ಅದಕ್ಕೂ ನಾಚಿಕೆಯಾಯಿತು.

ಶನಿವಾರ ಏಳಕ್ಕೆ ಮೊದಲೇ ಆಫೀಸು ಸೇರಿ ಟ್ರೇಯ ತಳದಿಂದ ಮೂರು ಕಾಗದಗಳನ್ನೂ ತೆಗೆದೆ. ಮೊದಲನೆಯದನ್ನು ಎಲ್ಲಕ್ಕಿಂತ ಮೇಲಿಟ್ಟೆ. ತಾರೀಖು ದಪ್ಪಗೆ ಕಾಣುತ್ತಿತ್ತು. ಮ್ಯಾನೇಜರ ಕೋಣೆಯ ಬಾಗಿಲ ಮುಂದೆ ನಿಂತಾಗ ವಕ್ರಾದ ಪೊಲೀಸರು, ದುಖಾನಿನ ಬಯಲು, ಆ ಹಿರಿಯರ ಬೆತ್ತ ಎಲ್ಲ ಎಷ್ಟು ಹಗುರವಾಗಿ ಕಂಡವೆಂದರೆ, ಇಷ್ಟು ದಿನ ನಾನು ಅಗೆಯಲು ಜಾಗ ಹುಡುಕಿದ್ದೆಲ್ಲ ಈ ಒಂದು ಬಾಗಿಲಿನಿಂದ ದೂರ ಇರುವುದಕ್ಕೇ ಏನೋ ಎನಿಸಿತು. ಕೇಳಿದರೆ ನಿಜವನ್ನೇ ಹೇಳುತ್ತೇನೆ ಎಂದು ಮನಸ್ಸಿನಲ್ಲಿ ವಾಕ್ಯ ಕೂಡ ಜೋಡಿಸಿಕೊಂಡೆ. ಬಾಗಿಲು ತಟ್ಟಿದೆ.

ಮ್ಯಾನೇಜರು ಫೋನಿನಲ್ಲಿದ್ದರು. ಬಾ ಎಂದು ಕೈಸನ್ನೆ ಮಾಡಿದರು. ಕಾಗದವನ್ನು ಎದುರಿಗಿಟ್ಟೆ. ಫೋನನ್ನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು, ಪೆನ್ನು ತೆಗೆದು, 'ಸೇಫ್ಟಿ' ಎಂಬ ಪದದ ಮೇಲೆ ಕಣ್ಣಾಡಿಸಿ, ಸಹಿ ಹಾಕಿದರು. ತಾರೀಖನ್ನು ನೋಡಲೇ ಇಲ್ಲ. ಕೆಳಗಿದ್ದ ಎರಡು ಕಾಗದಗಳನ್ನು ಮುಟ್ಟಲೂ ಇಲ್ಲ. "ಖಲಾಸ್?" ಎಂದು ಹುಬ್ಬೇರಿಸಿದರು, ಇಷ್ಟೇನಾ ಎಂದು. ಅರ್ಧ ನಿಮಿಷ ಕೂಡ ಹಿಡಿಯಲಿಲ್ಲ.

ಹೊರಗೆ ಬಂದು ಗೋಡೆಗೊರಗಿ ನಿಂತೆ. ಬೈದಿದ್ದರೆ, ಕಿರುಚಿದ್ದರೆ, ವೀಸಾ ರದ್ದು ಮಾಡಿ ಊರಿನ ವಿಮಾನ ಹತ್ತಿಸಿದ್ದರೆ ನನ್ನ ನಾಲ್ಕು ತಿಂಗಳ ಹೆದರಿಕೆಗೆ ಒಂದು ಅರ್ಥವಾದರೂ ಇರುತ್ತಿತ್ತು. ಅಂದು ಮಧ್ಯಾಹ್ನದವರೆಗೆ ಐದು ಸಲ ಸಂಜೀವಣ್ಣನಿಗೆ ಫೋನು ಮಾಡಿ ಎಲ್ಲರೂ ಸರಿಯಾಗಿದ್ದಾರಾ ಎಂದು ಕೇಳಿದೆ. ಐದನೆಯ ಸಲ ಅವನು, "ನೀವು ಹೀಗೆ ಕೇಳ್ತಾ ಇದ್ರೆ ನನಗೇ ಕಾಲು ನಡುಗ್ತದೆ ಸಾರ್" ಎಂದ. ಬೆಲ್ಟುಗಳನ್ನು ಮಾರುವವನನ್ನು ಗೋಗರೆದು ಮರುದಿನವೇ ತರಿಸಿ, ನಾನೇ ಕಾರಿನಲ್ಲಿ ಹಾಕಿಕೊಂಡು ಸೈಟಿನ ಗೇಟಿಗೆ ಕೊಟ್ಟು ಬಂದೆ. ಒಳಗೆ ಹೋಗಲಿಲ್ಲ. ಗೇಟಿನಿಂದಲೇ ನೋಡಿದೆ: ಹೊಸ ಹಳದಿ ಪಟ್ಟಿಗಳನ್ನು ಎದೆಗೆ ಬಿಗಿದುಕೊಂಡು, ಒಬ್ಬರ ಬಕಲು ಇನ್ನೊಬ್ಬರು ಎಳೆದು ನೋಡುತ್ತ ನಗುತ್ತಿದ್ದರು. ಹತ್ತುವ ಮುನ್ನ ಒಬ್ಬೊಬ್ಬರೂ ಈಶಾನ್ಯದ ಕಡೆ ತಿರುಗಿ, ನೆಲ ಮುಟ್ಟಿ, ಕಣ್ಣಿಗೊತ್ತಿಕೊಂಡರು.

ಮೂರನೆಯ ದಿನ ಸಂಜೀವಣ್ಣ ಆಫೀಸಿಗೆ ಬಂದ. ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚದ ಒಂದು ಬೆಲ್ಟನ್ನು ನನ್ನ ಮೇಜಿನ ಮೇಲಿಟ್ಟ.

"ಇದೊಂದು ಜಾಸ್ತಿ ಬಂದದ್ದು ಸಾರ್. ನಾವು ಈಗ ಹನ್ನೊಂದು ಜನ ಅಲ್ವಾ."

ಹೊಸ ಎರಡು ಕಾಗದಗಳಲ್ಲಿ ಅವನು ಹನ್ನೊಂದೇ ಕೇಳಿದ್ದ. ಸಹಿಯಾಗಿದ್ದದ್ದು ಮೊದಲನೆಯದಕ್ಕೆ, ಲಿಂಗಯ್ಯ ಬೀಳುವ ಮುಂಚೆ ಹನ್ನೆರಡು ಕೇಳಿ ಬರೆದದ್ದಕ್ಕೆ. ಅವನು ಬೆಲ್ಟಿನ ಕಡೆ ನೋಡಿದ, ನನ್ನ ಕಡೆ ನೋಡಿದ. ಟ್ರೇಯ ಕಡೆಗೂ ಒಮ್ಮೆ ನೋಡಿದ. ಏನು ತಿಳಿಯಿತೋ, ಎಷ್ಟು ತಿಳಿಯಿತೋ. "ಬರ್ತೇನೆ ಸಾರ್" ಎಂದು ಮೆಲ್ಲಗೆ ಹೇಳಿ ಹೋದ. ಆ ಶುಕ್ರವಾರ ಊಟಕ್ಕೆ ಬರಲಿಲ್ಲ. ಮುಂದಿನ ಶುಕ್ರವಾರವೂ ಬರಲಿಲ್ಲ.

ಸಾಮಾನನ್ನು ಮರಳಿಸಲು ಒಂದು ನಮೂನೆಯಿದೆ. ಯಾವ ಸಾಮಾನು, ಎಷ್ಟು, ಯಾವ ಸೈಟು, ಕೊನೆಗೆ ಕಾರಣ. ಮೊದಲ ಮೂರನ್ನು ತುಂಬಿದೆ. ನಾಲ್ಕನೆಯದರ ಮುಂದೆ ಪೆನ್ನು ಹಿಡಿದು ಬಹಳ ಹೊತ್ತು ಕುಳಿತೆ. ಬರೆಯಬೇಕಾದದ್ದು ಏನೆಂದು ನನಗೆ ಗೊತ್ತಿತ್ತು. 'ಹೆಚ್ಚುವರಿ' ಎಂದು ಬರೆದೆ.